ಬ್ರೌಸರ್ ಊಹಿಸುತ್ತದೆ, ಬರೆದವರಿಗೆ ಗೊತ್ತಿರುತ್ತದೆ: ಜಾವಾಸ್ಕ್ರಿಪ್ಟ್ ಬೇಗ ಓದಿಸುವ ಬಗೆ

ಅಗ್ಗದ ಫೋನಿನಲ್ಲಿ ಯಾವುದಾದರೂ ಅರ್ಜಿಯ ಪುಟ ತೆರೆದವರಿಗೆ ಈ ಅನುಭವ ಆಗಿಯೇ ಇರುತ್ತದೆ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆಯ ಖಾನೆಗಳೆಲ್ಲ ಪರದೆಯ ಮೇಲೆ ಕಾಣುತ್ತವೆ, ಕೆಳಗೆ ‘ಮುಂದುವರಿಯಿರಿ’ ಎಂಬ ಬಟನ್ ಕೂಡ ಇರುತ್ತದೆ, ಆದರೆ ಒತ್ತಿದರೆ ಏನೂ ಆಗುವುದಿಲ್ಲ. ಮತ್ತೊಮ್ಮೆ ಒತ್ತುತ್ತೇವೆ. ಸಿಗ್ನಲ್ ಸರಿಯಿಲ್ಲವೇನೋ ಎಂದು ಫೋನನ್ನು ಕಿಟಕಿಯ ಬಳಿಗೆ ಒಯ್ಯುತ್ತೇವೆ. ಕೆಲವು ಸೆಕೆಂಡು ಕಳೆದ ಮೇಲೆ ಎರಡೂ ಒತ್ತುಗಳು ಒಮ್ಮೆಗೇ ಲೆಕ್ಕಕ್ಕೆ ಬಂದು ಪುಟ ಎಲ್ಲಿಗೋ ಜಿಗಿಯುತ್ತದೆ. ಇಂಥ ಸಂದರ್ಭಗಳಲ್ಲಿ ಸಿಗ್ನಲ್ಲಿನ ಕೆಲಸ ಎಷ್ಟೋ ಸಲ ಆಗಲೇ ಮುಗಿದಿರುತ್ತದೆ. ಬಂದಿಳಿದ ಜಾವಾಸ್ಕ್ರಿಪ್ಟ್ ಪಠ್ಯವನ್ನು, ಅಂದರೆ ಪುಟದ ಬಟನ್ ಒತ್ತಿದರೆ ಏನಾಗಬೇಕೆಂದು ಹೇಳುವ ಕೋಡನ್ನು, ಓದಿ, ಅದರ ರಚನೆಯನ್ನು ಬಿಡಿಸಿ, ತನಗೆ ಬೇಕಾದ ರೂಪಕ್ಕೆ ತಂದುಕೊಂಡು ನಡೆಸುವ ಕೆಲಸದಲ್ಲಿ ಫೋನಿನ ಪ್ರೊಸೆಸರ್ ಮುಳುಗಿರುತ್ತದೆ, ಅಷ್ಟೇ.

ಈ ಓದುವ ಕೆಲಸವನ್ನು ಹಗುರ ಮಾಡಲು ಬ್ರೌಸರ್ ಎಂಜಿನ್‌ಗಳನ್ನು (ಬ್ರೌಸರ್‌ನೊಳಗೆ ಈ ಕೋಡನ್ನು ಓದಿ ನಡೆಸುವ ಭಾಗ) ಕಟ್ಟುವವರು ಹದಿನೈದು ವರ್ಷಗಳಿಗೂ ಮೀರಿ ದುಡಿದಿದ್ದಾರೆ. ಅವರ ಉಪಾಯಗಳಲ್ಲಿ ಬಹುಪಾಲು ಜಾಣ ಊಹೆಗಳು: ಈ ಫಂಕ್ಷನ್ (ಒಂದು ಕೆಲಸಕ್ಕೆಂದು ಬರೆದಿಟ್ಟ ಕೋಡಿನ ತುಂಡು) ಈಗ ಬೇಕಾಗಬಹುದು, ಅದು ಬೇಡವಾಗಬಹುದು, ಈ ಬಳಕೆದಾರ ನಾಳೆ ಮತ್ತೆ ಬರಬಹುದು. ಊಹೆಯ ದಾರಿಯಲ್ಲಿ ಹೋಗಬಹುದಾದಷ್ಟು ದೂರ ಹೋದ ಮೇಲೆ, 2025ರಲ್ಲಿ ಕ್ರೋಮ್ ಬ್ರೌಸರ್ ಪುಟ ಬರೆದವರನ್ನೇ ಕೇಳಿ ತಿಳಿಯುವ ಒಂದು ಸಣ್ಣ ಬಾಗಿಲನ್ನು ತೆರೆಯಿತು. ಆ ಬಾಗಿಲು ಏಕೆ ಬೇಕಾಯಿತೆಂದು ತಿಳಿಯಬೇಕಾದರೆ ಬ್ರೌಸರ್ ಒಂದು ಜಾವಾಸ್ಕ್ರಿಪ್ಟ್ ಫೈಲನ್ನು ಹೇಗೆ ಓದುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಜಾವಾಸ್ಕ್ರಿಪ್ಟ್ ನಮ್ಮ ಫೋನಿಗೆ ಪಠ್ಯವಾಗಿಯೇ ಬರುತ್ತದೆ. ಎಂಜಿನ್ ಮೊದಲು ಅಕ್ಷರಗಳನ್ನು ಒಂದೊಂದಾಗಿ ನೋಡಿ ಪದ, ಸಂಖ್ಯೆ, ಚಿಹ್ನೆಗಳೆಂಬ ಟೋಕನ್‌ಗಳಾಗಿ ಬಿಡಿಸುತ್ತದೆ. ಟೋಕನ್‌ಗಳನ್ನು ವ್ಯಾಕರಣಕ್ಕೆ ಹೊಂದಿಸಿ ಒಂದು ಮರದಂಥ ರಚನೆಯನ್ನು ಕಟ್ಟುವುದು ಪಾರ್ಸಿಂಗ್. ಆ ಮರದಿಂದ ಬೈಟ್‌ಕೋಡ್ ಎಂಬ ಅಡಕವಾದ ಆದೇಶಗಳ ಪಟ್ಟಿ ಹುಟ್ಟುತ್ತದೆ (ಹೀಗೆ ರೂಪ ಬದಲಿಸುವುದೇ ಕಂಪೈಲಿಂಗ್), ಅದನ್ನು ಇಂಟರ್‌ಪ್ರಿಟರ್ ಎಂಬ ಭಾಗ ಒಂದೊಂದಾಗಿ ನಡೆಸುತ್ತದೆ, ಮತ್ತೆ ಮತ್ತೆ ನಡೆಯುವ ಭಾಗಗಳು ಮಾತ್ರ ಮುಂದೆ ಯಂತ್ರಭಾಷೆಗೆ ಇಳಿಯುತ್ತವೆ. ಕ್ರೋಮ್‌ನೊಳಗಿನ ವಿ8 ಎಂಜಿನ್ 2008ರಲ್ಲಿ ಹೊರಬಂದಾಗ ನೇರವಾಗಿ ಯಂತ್ರಭಾಷೆಗೇ ಇಳಿಸುತ್ತಿತ್ತು. 2017ರಲ್ಲಿ ಇಗ್ನಿಷನ್ ಎಂಬ ಇಂಟರ್‌ಪ್ರಿಟರ್ ಮತ್ತು ಟರ್ಬೋಫ್ಯಾನ್ ಎಂಬ ಕಂಪೈಲರ್ ಸೇರಿದ ಹೊಸ ಏರ್ಪಾಡಿಗೆ ಬಂದಿತು. ಒಂದೇ ತೂಕದ ಒಂದು ಚಿತ್ರವೂ ಒಂದು ಜಾವಾಸ್ಕ್ರಿಪ್ಟ್ ಫೈಲೂ ನೆಟ್‌ವರ್ಕ್‌ನಲ್ಲಿ ಸಮಾನ ಹೊತ್ತನ್ನು ತೆಗೆದುಕೊಳ್ಳಬಹುದು, ಆದರೆ ಚಿತ್ರ ಇಳಿದ ಮೇಲೆ ಅದನ್ನು ಬಿಡಿಸಿ ಪರದೆಯ ಮೇಲಿಟ್ಟರೆ ಮುಗಿಯಿತು, ಜಾವಾಸ್ಕ್ರಿಪ್ಟಿನ ನಿಜವಾದ ಖರ್ಚು ಇಳಿದ ಮೇಲೆ ಶುರುವಾಗುತ್ತದೆ. ಆ ಖರ್ಚಿನ ದೊಡ್ಡ ಪಾಲು ಬೀಳುವುದು ಮುಖ್ಯ ಥ್ರೆಡ್‌ನ, ಅಂದರೆ ಕೆಲಸಗಳು ಒಂದಾದ ಮೇಲೊಂದರಂತೆ ನಡೆಯುವ ಮುಖ್ಯ ಸಾಲಿನ, ಮೇಲೆ. ಬೆರಳಿನ ಒತ್ತನ್ನು ಗಮನಿಸುವುದೂ ಪುಟವನ್ನು ಬಿಡಿಸುವುದೂ ಅದೇ ಥ್ರೆಡ್. ಅದು ಐವತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಕೆಲಸದಲ್ಲಿ ಸಿಕ್ಕಿಕೊಂಡರೆ ಅದನ್ನು ದೀರ್ಘ ಕೆಲಸವೆಂದು ಬ್ರೌಸರ್‌ನ ಅಳತೆಗಳು ಗುರುತಿಸುತ್ತವೆ.

ಮೊದಲ ತೊಡಕು ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಪಠ್ಯವನ್ನು ಓದುವಾಗಲೇ ಎದುರಾಗುತ್ತದೆ. ಜಾವಾಸ್ಕ್ರಿಪ್ಟನ್ನು ಕರೆತರುವ ಸಾಮಾನ್ಯ ಸ್ಕ್ರಿಪ್ಟ್ ಟ್ಯಾಗ್ ಸಿಕ್ಕೊಡನೆ ಪುಟದ ಓದು ಅಲ್ಲಿಯೇ ನಿಲ್ಲಬೇಕು, ಏಕೆಂದರೆ ಆ ಸ್ಕ್ರಿಪ್ಟ್ ಪುಟಕ್ಕೆ ಹೊಸ ಪಠ್ಯವನ್ನೇ ಬರೆದು ಸೇರಿಸಬಹುದು. 2008-09ರ ಹೊತ್ತಿಗೆ ಬ್ರೌಸರ್‌ಗಳು ಇದಕ್ಕೊಂದು ದಾರಿ ಕಂಡುಕೊಂಡವು: ಮುಖ್ಯ ಓದು ನಿಂತಿದ್ದಾಗಲೂ ಇನ್ನೊಂದು ಹಗುರ ಓದುಗ ಮುಂದೆ ಮುಂದೆ ಕಣ್ಣು ಹಾಯಿಸಿ, ಬೇಕಾಗಲಿರುವ ಫೈಲುಗಳನ್ನು ತರಿಸಲು ಆಗಲೇ ಹೇಳಿಬಿಡುತ್ತದೆ. ‘ಡಿಫರ್’ ಗುಣವಿರುವ ಸ್ಕ್ರಿಪ್ಟ್ ಪುಟದ ಓದು ಮುಗಿಯುವವರೆಗೆ ಕಾಯುತ್ತದೆ, ‘ಎಸಿಂಕ್’ ಇರುವುದು ಬಂದೊಡನೆ ನಡೆಯುತ್ತದೆ, ಮಾಡ್ಯೂಲ್ ಸ್ಕ್ರಿಪ್ಟುಗಳು ತಾವಾಗಿಯೇ ಡಿಫರ್‌ನಂತೆ ವರ್ತಿಸುತ್ತವೆ. ಇವು ಹಳೆಯ ಮಾತುಗಳೇ ಆದರೂ ಪುಟದ ತಲೆಯಲ್ಲಿ ಡಿಫರ್ ಇಲ್ಲದ ನಾಲ್ಕೈದು ಸ್ಕ್ರಿಪ್ಟುಗಳನ್ನು ಸಾಲಾಗಿ ನಿಲ್ಲಿಸಿರುವ ತಾಣಗಳು ಇಂದಿಗೂ ಸಿಗುತ್ತವೆ. ಒಂದೇ ಪದ ಸೇರಿಸಿ ಸರಿಪಡಿಸಬಹುದಾದ ಈ ತಪ್ಪನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಫೈಲು ಕೈಗೆ ಬಂದ ಮೇಲಿನ ಕತೆ ಹೆಚ್ಚು ಸ್ವಾರಸ್ಯದ್ದು. ಒಂದು ದೊಡ್ಡ ಫೈಲಿನಲ್ಲಿರುವ ಎಲ್ಲ ಫಂಕ್ಷನ್‌ಗಳೂ ಪುಟ ತೆರೆಯುವಾಗ ಬೇಕಾಗುವುದಿಲ್ಲ. ಹಾಗಿದ್ದಮೇಲೆ ಎಲ್ಲಕ್ಕೂ ಮರ ಕಟ್ಟಿ ಬೈಟ್‌ಕೋಡ್ ಮಾಡಿಟ್ಟರೆ ಹೊತ್ತೂ ಹಾಳು, ಮೆಮೊರಿಯೂ ಹಾಳು. ಆದ್ದರಿಂದ ಎಂಜಿನ್‌ಗಳು ಸೋಮಾರಿ ಪಾರ್ಸಿಂಗ್ ಎಂಬ ಪದ್ಧತಿಯನ್ನು ಹಿಡಿದಿವೆ: ಹೊರಮೈಯಲ್ಲಿರುವ ಕೋಡನ್ನು ಪೂರ್ತಿ ಓದುತ್ತವೆ, ಒಳಗಿನ ಫಂಕ್ಷನ್‌ಗಳ ಮೇಲೆ ಕಣ್ಣಾಡಿಸಿ ದಾಟುತ್ತವೆ, ಯಾರಾದರೂ ಆ ಫಂಕ್ಷನ್ನನ್ನು ಕರೆದಾಗ ಮರಳಿ ಬಂದು ಪೂರ್ತಿ ಓದುತ್ತವೆ.

ಕಣ್ಣಾಡಿಸಿ ದಾಟುವುದು ಅಗ್ಗದ ಕೆಲಸವೆಂದು ಅನ್ನಿಸಬಹುದು. ಹಾಗಿಲ್ಲ. ಒಂದು ಫಂಕ್ಷನ್ ಎಲ್ಲಿ ಮುಗಿಯುತ್ತದೆಂದು ತಿಳಿಯಲು ಅದರ ಮುಚ್ಚುವ ಪುಷ್ಪಾವರಣವನ್ನು (} ಚಿಹ್ನೆ) ಹುಡುಕಬೇಕು. ಅಂಥ ಆವರಣ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯದಲ್ಲೂ ಇರಬಹುದು, ಓದುವವರಿಗೆಂದು ಕೋಡಿನ ನಡುವೆ ಬರೆದ ಟಿಪ್ಪಣಿಯಲ್ಲೂ ಇರಬಹುದು, ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು ಹೇಳುವ, ಎರಡು ಓರೆಗೆರೆಗಳ ನಡುವಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲೂ ಇರಬಹುದು. ಓರೆಗೆರೆಯೇ ಒಂದು ಕಡೆ ಭಾಗಾಕಾರ, ಇನ್ನೊಂದು ಕಡೆ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಆರಂಭ, ಮತ್ತೊಂದು ಕಡೆ ಟಿಪ್ಪಣಿಯ ಆರಂಭ. ಯಾವುದು ಯಾವುದೆಂದು ತೀರ್ಮಾನಿಸಲು ಅದಕ್ಕೆ ಮುಂಚಿನ ಟೋಕನ್ ಏನಿತ್ತೆಂದು ಗೊತ್ತಿರಬೇಕು, ಹಾಗಾಗಿ ಒಂದು ಅಕ್ಷರವನ್ನೂ ಬಿಟ್ಟು ಹಾರುವಂತಿಲ್ಲ. ಇದರ ಮೇಲೆ ಭಾಷೆಯ ನಿಯಮವೊಂದಿದೆ: ಫೈಲಿನ ಯಾವುದೋ ಮೂಲೆಯಲ್ಲಿ ವ್ಯಾಕರಣದೋಷವಿದ್ದರೂ ಮೊದಲ ಸಾಲು ನಡೆಯುವ ಮುನ್ನವೇ ಅದನ್ನು ಹೇಳಿಬಿಡಬೇಕು. ಇನ್ನೂ ಒಂದಿದೆ. ಹೊರಗಿನ ಫಂಕ್ಷನ್ನಿನ ಒಂದು ವೇರಿಯಬಲ್ಲನ್ನು (ಮೌಲ್ಯವೊಂದಕ್ಕೆ ಇಟ್ಟ ಹೆಸರು) ಒಳಗಿನ ಫಂಕ್ಷನ್ ಬಳಸುತ್ತಿದ್ದರೆ, ಆ ವೇರಿಯಬಲ್ ಹೊರಗಿನ ಫಂಕ್ಷನ್ ಮುಗಿದ ಮೇಲೂ ಬದುಕಿರಬೇಕು; ಅದಕ್ಕೆ ಜಾಗವನ್ನು ಎಲ್ಲಿ ಕೊಡಬೇಕೆಂದು ನಿರ್ಧರಿಸಲು ಒಳಗಿನ ಫಂಕ್ಷನ್ ಯಾವ ಯಾವ ಹೆಸರುಗಳನ್ನು ಮುಟ್ಟುತ್ತದೆಂಬ ಲೆಕ್ಕವನ್ನು ಕಣ್ಣಾಡಿಸುವಾಗಲೇ ಇಡಬೇಕು. ಇಷ್ಟೆಲ್ಲ ಮಾಡಿ ದಾಟಿದ ಫಂಕ್ಷನ್ನನ್ನು ಮರುಗಳಿಗೆಯಲ್ಲಿಯೇ ಯಾರಾದರೂ ಕರೆದರೆ, ಮಾಡಿದ ಕೆಲಸವನ್ನೇ ಮತ್ತೆ ಮಾಡಿದಂತಾಗುತ್ತದೆ.

ಈ ದುಪ್ಪಟ್ಟು ಕೆಲಸವನ್ನು ತಪ್ಪಿಸಲು ಎಂಜಿನ್‌ಗಳು ಒಂದು ಲಕ್ಷಣವನ್ನು ನಂಬಿಕೊಂಡವು. ಫಂಕ್ಷನ್ ಎಂಬ ಪದದ ಹಿಂದೆ ತೆರೆದ ಕಂಸವಿದ್ದರೆ, ಅದು ಬರೆದ ಜಾಗದಲ್ಲಿಯೇ ಕರೆಸಿಕೊಳ್ಳುವ ಫಂಕ್ಷನ್ ಆಗಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಅದನ್ನು ತಕ್ಷಣವೇ ಪೂರ್ತಿ ಓದಿಬಿಡುತ್ತವೆ. ಇದು ತಿಳಿದದ್ದೇ ತಡ, 2016ರಲ್ಲಿ ಆಪ್ಟಿಮೈಜ್-ಜೆಎಸ್ ಎಂಬ ಸಾಧನ ಬಂದಿತು. ಬೇಗ ಬೇಕಾಗಬಹುದಾದ ಫಂಕ್ಷನ್‌ಗಳಿಗೆಲ್ಲ ಸುಮ್ಮನೆ ಒಂದು ಜೊತೆ ಕಂಸವನ್ನು ತೊಡಿಸುವುದಷ್ಟೇ ಅದರ ಕೆಲಸ. ಅರ್ಥದಲ್ಲಿ ಏನೂ ಬದಲಾಗದ ಎರಡು ಚಿಹ್ನೆಗಳನ್ನು ವೇಗದ ಸಲುವಾಗಿ ಸೇರಿಸಬೇಕಾದ ಸ್ಥಿತಿ ಬಂದಿತೆಂದರೆ, ಬರೆದವರಿಗೆ ಗೊತ್ತಿರುವ ಒಂದು ವಿಷಯವನ್ನು ಎಂಜಿನ್ನಿಗೆ ತಲುಪಿಸಲು ನೇರ ದಾರಿಯೇ ಇರಲಿಲ್ಲವೆಂದು ಅರ್ಥ. ಆ ಸಾಧನ ಮುಂದೆ ಕೈಬಿಟ್ಟುಹೋಯಿತು, ಕೊರತೆ ಹಾಗೆಯೇ ಉಳಿಯಿತು.

ಈ ನಡುವೆ ಎಂಜಿನ್‌ಗಳು ಸುಮ್ಮನಿರಲಿಲ್ಲ. 2015ರ ಕ್ರೋಮ್ 41 ಆವೃತ್ತಿಯಿಂದ, ಎಸಿಂಕ್ ಮತ್ತು ಡಿಫರ್ ಸ್ಕ್ರಿಪ್ಟುಗಳು ಪೂರ್ತಿ ಇಳಿಯುವ ಮೊದಲೇ, ಬರುತ್ತಿದ್ದಂತೆಯೇ ಬೇರೊಂದು ಥ್ರೆಡ್‌ನಲ್ಲಿ ಅವುಗಳ ಪಾರ್ಸಿಂಗ್ ನಡೆಯತೊಡಗಿತು. 2018ರ 66ನೆಯ ಆವೃತ್ತಿಯಲ್ಲಿ ಬೈಟ್‌ಕೋಡ್ ತಯಾರಿಯೂ ಹಿನ್ನೆಲೆಗೆ ಹೋಯಿತು. ಟೋಕನ್ ಬಿಡಿಸುವ ಭಾಗವನ್ನು 2019ರ ಸುಮಾರಿಗೆ ಅಕ್ಷರ ಅಕ್ಷರವಾಗಿ ಹದಗೊಳಿಸಿದರು. ಆ ವರ್ಷ ವಿ8 ತಂಡ ಹೇಳಿದಂತೆ, ಮುಖ್ಯ ಥ್ರೆಡ್‌ನ ಮೇಲಿನ ಪಾರ್ಸಿಂಗ್ ಮತ್ತು ಕಂಪೈಲಿಂಗ್ ಹೊರೆ ಸರಾಸರಿ 40 ಶೇಕಡಾ ಇಳಿದಿತ್ತು, ಕ್ರೋಮ್ 60ಕ್ಕೆ ಹೋಲಿಸಿದರೆ ಪಾರ್ಸಿಂಗಿನ ವೇಗವೇ ಎರಡು ಪಟ್ಟಾಗಿತ್ತು. ಒಳ್ಳೆಯ ಫೋನುಗಳಲ್ಲಿ ಪಾರ್ಸಿಂಗ್ ಈಗ ಮೊದಲ ಚಿಂತೆಯಲ್ಲ, ಇಳಿಸುವ ಹೊತ್ತು ಮತ್ತು ಕೋಡನ್ನು ನಡೆಸುವ ಹೊತ್ತೇ ದೊಡ್ಡದೆಂದು ಅವರು ಆಗಲೇ ಹೇಳಿದ್ದರು. ಈ ಮಾತನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಆದರೆ ಹಿನ್ನೆಲೆ ಥ್ರೆಡ್ ಕಣ್ಣಾಡಿಸಿ ದಾಟಿದ ಫಂಕ್ಷನ್ನನ್ನು ಪುಟ ಕರೆದಾಗ, ಅದನ್ನು ಪೂರ್ತಿ ಓದುವ ಕೆಲಸ ಮತ್ತೆ ಮುಖ್ಯ ಥ್ರೆಡ್‌ಗೇ ಬಂದು ಬೀಳುತ್ತದೆ, ಅದು ಮುಗಿಯುವವರೆಗೆ ಉಳಿದದ್ದೆಲ್ಲ ಕಾಯುತ್ತದೆ. ಊಹೆ ತಪ್ಪಿದ್ದರ ದಂಡವನ್ನು ತೆರುವುದು ಬಳಕೆದಾರನ ಬೆರಳು.

2025ರ ಕ್ರೋಮ್ 136 ಆವೃತ್ತಿಯಲ್ಲಿ ಬಂದ ಸ್ಪಷ್ಟ ಕಂಪೈಲ್ ಸೂಚನೆ ಈ ಜಾಗವನ್ನು ಮುಟ್ಟುತ್ತದೆ. ಫೈಲಿನ ಆರಂಭದಲ್ಲಿ, ಎರಡು ಓರೆಗೆರೆ ಮತ್ತು ಒಂದು ಹ್ಯಾಶ್ ಚಿಹ್ನೆಯ ಬಳಿಕ, ‘ಆಲ್‌ಫಂಕ್ಷನ್ಸ್‌ಕಾಲ್ಡ್‌ಆನ್‌ಲೋಡ್’ ಎಂಬ ಒಂದೇ ಪದದ ಟಿಪ್ಪಣಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸಾಕು. ಈ ಫೈಲಿನ ಎಲ್ಲ ಫಂಕ್ಷನ್‌ಗಳೂ ಪುಟ ತೆರೆಯುವಾಗಲೇ ಬೇಕೆಂದು ಹೇಳಿದಂತಾಗುತ್ತದೆ. ಆಗ ಎಂಜಿನ್ ಕಣ್ಣಾಡಿಸುವ ಹಂತವನ್ನೇ ಬಿಟ್ಟು, ಫೈಲು ಇಳಿಯುತ್ತಿರುವಾಗಲೇ ಹಿನ್ನೆಲೆಯಲ್ಲಿ ಎಲ್ಲವನ್ನೂ ಪೂರ್ತಿ ಓದಿ ಬೈಟ್‌ಕೋಡ್ ಮಾಡಿಡುತ್ತದೆ. ಇದು ಬರಿಯ ಟಿಪ್ಪಣಿಯಾದ್ದರಿಂದ, ಅರ್ಥವಾಗದ ಬ್ರೌಸರ್‌ಗೆ ಯಾವ ತೊಂದರೆಯೂ ಇಲ್ಲ. ಹೆಸರಾಂತ 20 ಪುಟಗಳಲ್ಲಿ ಪ್ರಯೋಗಿಸಿದಾಗ 17ರಲ್ಲಿ ಸುಧಾರಣೆ ಕಂಡಿತೆಂದೂ, ಮುಖ್ಯ ಥ್ರೆಡ್‌ನ ಪಾರ್ಸಿಂಗ್ ಮತ್ತು ಕಂಪೈಲಿಂಗ್ ಹೊತ್ತು ಸರಾಸರಿ 630 ಮಿಲಿಸೆಕೆಂಡಿನಷ್ಟು ಇಳಿಯಿತೆಂದೂ ವಿ8 ತಂಡ ವರದಿ ಮಾಡಿದೆ. ಅರ್ಧ ಸೆಕೆಂಡಿಗೂ ಮೀರಿದ ಉಳಿತಾಯ ಒಂದು ಸಾಲಿನ ಟಿಪ್ಪಣಿಯಿಂದ ಬರುವುದು ಈ ಕ್ಷೇತ್ರದಲ್ಲಿ ಅಪರೂಪ.

ಇಷ್ಟು ಸುಲಭವೆಂದು ಎಲ್ಲ ಫೈಲುಗಳ ತಲೆಯ ಮೇಲೂ ಈ ಟಿಪ್ಪಣಿ ಅಂಟಿಸಿದರೆ ಕೆಟ್ಟಿತು. ಬೇಡದ ಫಂಕ್ಷನ್‌ಗಳನ್ನೆಲ್ಲ ಮುಂಚೆಯೇ ಸಿದ್ಧಮಾಡಿದರೆ ಹೊತ್ತೂ ಮೆಮೊರಿಯೂ ಪೋಲಾಗುತ್ತವೆ. ಎರಡು ಮೂರು ಜಿಬಿ ಮೆಮೊರಿಯ ಫೋನಿನಲ್ಲಿ ಅದರ ಫಲ ಇನ್ನೊಂದು ಟ್ಯಾಬ್ ಮುಚ್ಚಿಹೋಗುವುದು. ಈ ಸೂಚನೆ ನ್ಯಾಯವಾಗಿ ಕೆಲಸ ಮಾಡಬೇಕಾದರೆ, ಮೊದಲ ಪರದೆಗೆ ನಿಜವಾಗಿ ಬೇಕಾದ ಫಂಕ್ಷನ್‌ಗಳನ್ನು ಒಂದು ಚಿಕ್ಕ ತಿರುಳು ಫೈಲಿಗೆ ಒಟ್ಟುಗೂಡಿಸಿ, ಅದಕ್ಕೆ ಮಾತ್ರ ಹಾಕಬೇಕು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಇಲ್ಲಿಯೇ ಇದೆ. ಯಾವುದು ಈಗ ಬೇಕು, ಯಾವುದು ಆಮೇಲೆ ಎಂಬ ಪ್ರಶ್ನೆಯನ್ನು ಬರೆಯುವವರು ತಮಗೆ ತಾವೇ ಕೇಳಿಕೊಳ್ಳಬೇಕಾಗುತ್ತದೆ, ಉತ್ತರಿಸಲು ಹೊರಟಾಗ ಯಾವಾಗಲೂ ಬೇಡದ್ದೂ ಒಂದಷ್ಟು ಸಿಗುತ್ತದೆ.

ಮರಳಿ ಬರುವ ಬಳಕೆದಾರರ ವಿಷಯಕ್ಕೆ ಬಂದರೆ, ಅಲ್ಲಿ ಕೋಡ್ ಕ್ಯಾಶ್ ಎಂಬ ಉಗ್ರಾಣವಿದೆ. ಕ್ರೋಮ್ ಒಂದು ಸ್ಕ್ರಿಪ್ಟನ್ನು ಮೊದಲ ಸಲ ಕಂಡಾಗ ಎಂದಿನಂತೆ ಓದುತ್ತದೆ. 72 ಗಂಟೆಯೊಳಗೆ ಎರಡನೆಯ ಸಲ ಕಂಡರೆ, ನಡೆಸಿದ ಬಳಿಕ ಸಿದ್ಧವಾದ ಬೈಟ್‌ಕೋಡನ್ನು ಡಿಸ್ಕಿನಲ್ಲಿ ಉಳಿಸುತ್ತದೆ. ಮೂರನೆಯ ಸಲದಿಂದ ಪಾರ್ಸಿಂಗಿನ ಗೊಡವೆಯಿಲ್ಲದೆ ಅದನ್ನೇ ಎತ್ತಿಕೊಳ್ಳುತ್ತದೆ. ಫೈರ್‌ಫಾಕ್ಸ್‌ನಲ್ಲೂ ಇಂಥದೇ ವ್ಯವಸ್ಥೆಯಿದೆ. ಫೈಲಿನ ಒಳಗೆ ಒಂದು ಅಕ್ಷರ ಬದಲಾದರೂ ಉಳಿಸಿಟ್ಟದ್ದು ನಿರುಪಯುಕ್ತವಾಗುವುದರಿಂದ, ದಿನಕ್ಕೆರಡು ಸಲ ಹೊಸ ಆವೃತ್ತಿ ಬಿಡುವ ತಂಡಗಳು ಅಪರೂಪಕ್ಕೆ ಬದಲಾಗುವ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬೇರೆ ಫೈಲಿನಲ್ಲಿಟ್ಟರೆ ಒಳ್ಳೆಯದು. ಎಲ್ಲ ತಾಣಗಳೂ ಒಂದೇ ಸಿಡಿಎನ್ (ಫೈಲುಗಳನ್ನು ಹಂಚುವ ಸರ್ವರ್ ಜಾಲ) ವಿಳಾಸದಿಂದ ಜೆಕ್ವೆರಿ ಎಂಬ ಲೈಬ್ರರಿಯನ್ನು ತರಿಸಿದರೆ ಒಂದು ತಾಣದಲ್ಲಿ ಇಳಿದದ್ದು ಇನ್ನೊಂದಕ್ಕೂ ಒದಗುತ್ತದೆ ಎಂಬ ಹಳೆಯ ಸಲಹೆಯನ್ನು ಮಾತ್ರ ಇನ್ನು ಮರೆಯಬೇಕು. ಬಳಕೆದಾರರ ಜಾಡು ಹಿಡಿಯುವುದನ್ನು ತಡೆಯಲು ಕ್ರೋಮ್ 2020ರಲ್ಲಿ 86ನೆಯ ಆವೃತ್ತಿಯಿಂದ, ಫೈರ್‌ಫಾಕ್ಸ್ 2021ರಲ್ಲಿ 85ನೆಯ ಆವೃತ್ತಿಯಿಂದ ಕ್ಯಾಶ್ ಅನ್ನು ತಾಣವಾರು ವಿಂಗಡಿಸಿವೆ, ಸಫಾರಿ ಅದಕ್ಕೂ ಮುಂಚೆಯೇ ಹಾಗೆ ಮಾಡಿತ್ತು.

ಪಠ್ಯವನ್ನು ಪ್ರತಿ ಫೋನಿನಲ್ಲೂ ಮತ್ತೆ ಮತ್ತೆ ಬಿಡಿಸುವ ಬದಲು, ಬಿಡಿಸಿದ ಮರವನ್ನೇ ಅಡಕ ರೂಪದಲ್ಲಿ ಕಳುಹಿಸಬಾರದೇಕೆ ಎಂಬ ಪ್ರಶ್ನೆ ಸಹಜ. 2017ರಲ್ಲಿ ಮೊಜಿಲ್ಲಾದ ಎಂಜಿನಿಯರರು ಬೈನರಿ ಎಎಸ್‌ಟಿ ಎಂಬ ಹೆಸರಿನಲ್ಲಿ ಇದನ್ನೇ ಮುಂದಿಟ್ಟರು, ಫೇಸ್‌ಬುಕ್ ಮತ್ತು ಕ್ಲೌಡ್‌ಫ್ಲೇರ್ ಸಂಸ್ಥೆಗಳವರೂ ಕೈಜೋಡಿಸಿದರು. ಫಂಕ್ಷನ್ ಎಲ್ಲಿ ಮುಗಿಯುತ್ತದೆ, ಯಾವ ವೇರಿಯಬಲ್ ಯಾರ ಪಾಲು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟು, ವ್ಯಾಕರಣದೋಷವನ್ನು ಆ ಫಂಕ್ಷನ್ ಕರೆದಾಗ ಹೇಳಿದರೆ ಸಾಕೆಂಬ ಸಡಿಲಿಕೆಯೂ ಅದರಲ್ಲಿತ್ತು. ಕಣ್ಣಾಡಿಸಿ ದಾಟುವಾಗಿನ ಮೂರೂ ತೊಡಕುಗಳಿಗೆ ಅದರಲ್ಲಿ ಉತ್ತರವಿದ್ದರೂ ಭಾಷೆಯ ಮಾನಕ ಸಮಿತಿಯಲ್ಲಿ ಅದು ಮೊದಲ ಹಂತವನ್ನು ದಾಟಲಿಲ್ಲ. ಅದಕ್ಕಾಗಿ ಎಲ್ಲ ಬ್ರೌಸರ್‌ಗಳೂ ಎರಡನೆಯ ಪಾರ್ಸರ್ ಕಟ್ಟಬೇಕಿತ್ತು, ಅಷ್ಟರಲ್ಲಿ ಪಠ್ಯದ ಪಾರ್ಸಿಂಗೇ ಸಾಕಷ್ಟು ವೇಗವಾಗುತ್ತ ಬಂದಿತ್ತು. ಅಂಥದೊಂದು ಯೋಚನೆ ಅರ್ಧದಲ್ಲಿ ನಿಂತದ್ದು ನಷ್ಟವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಅದರ ಲಾಭ ಹೆಚ್ಚಾಗಿ ಸಲ್ಲುತ್ತಿದ್ದುದು ನಿಧಾನದ ಫೋನುಗಳಿಗೆ.

ಇನ್ನು ಕನ್ನಡದಲ್ಲಿ ತಾಣ ಕಟ್ಟುವವರಿಗೆ ನೇರವಾಗಿ ತಟ್ಟುವ ಒಂದು ವಿಷಯ. ವಿ8 ಎಂಜಿನ್ ಪಠ್ಯವನ್ನು ಎರಡು ಬಗೆಯಲ್ಲಿ ಇಡುತ್ತದೆ. ಎಲ್ಲ ಅಕ್ಷರಗಳೂ ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳ ಲ್ಯಾಟಿನ್-1 ಗುಂಪಿನವಾದರೆ ಅಕ್ಷರಕ್ಕೊಂದು ಬೈಟ್. ಅದರಾಚೆಯ ಒಂದೇ ಒಂದು ಅಕ್ಷರ ಬಂದರೂ ಇಡೀ ಪಠ್ಯಕ್ಕೆ ಅಕ್ಷರಕ್ಕೆರಡು ಬೈಟ್. ಹತ್ತು ಲಕ್ಷ ಅಕ್ಷರಗಳ ಇಂಗ್ಲಿಷ್ ಕೋಡಿನ ನಡುವೆ ‘ಕರ್ನಾಟಕ’ ಎಂಬ ಒಂದು ಪದ ಕುಳಿತರೆ, ಸುಮಾರು ಒಂದು ಎಂಬಿ ಹಿಡಿಯಬೇಕಾದ ಮೂಲಪಠ್ಯ ಮೆಮೊರಿಯಲ್ಲಿ ಎರಡು ಎಂಬಿಯಾಗುತ್ತದೆ. ಆ ಪದವನ್ನೇ ಬಿಡಿಸಿ ನೋಡೋಣ: ಕ, ರ, ಹಲಂತ, ನ, ದೀರ್ಘ, ಟ, ಕ ಎಂದು ಯುನಿಕೋಡ್‌ನಲ್ಲಿ ಏಳು ಸಂಕೇತಗಳು. ಫೈಲುಗಳಲ್ಲಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರರಂತೆ 21 ಬೈಟ್. ಕನ್ನಡದ ಎಲ್ಲ ಸಂಕೇತಗಳಿಗೂ ಮೊದಲ ಬೈಟ್ ಒಂದೇ ಆಗಿದ್ದು ಎರಡನೆಯದು ಎರಡರಲ್ಲೊಂದು ಆಗಿರುವುದರಿಂದ ಫೈಲುಗಳನ್ನು ಕುಗ್ಗಿಸಿ ಕಳುಹಿಸುವ ಜಿಜಿಪ್ ವಿಧಾನ ಇದನ್ನು ಚೆನ್ನಾಗಿಯೇ ಕುಗ್ಗಿಸುತ್ತದೆ, ನೆಟ್‌ವರ್ಕ್‌ಗೆ ಹೆಚ್ಚು ಭಾರವಿಲ್ಲ. ಭಾರ ಬೀಳುವುದು ಫೋನಿನೊಳಗೆ. ಇಎಸ್‌ಬಿಲ್ಡ್ ಎಂಬ ಬಂಡ್ಲರ್ (ಹಲವು ಫೈಲುಗಳನ್ನು ಒಂದಾಗಿ ಕಟ್ಟುವ ಸಾಧನ), ಬೇರೆ ಏನೂ ಹೇಳದಿದ್ದರೆ, ಇಂಥ ಅಕ್ಷರಗಳನ್ನೆಲ್ಲ ಹಿಮ್ಮುಖ ಓರೆಗೆರೆಯಿಂದ (\) ಶುರುವಾಗುವ ಸಂಕೇತಗಳಾಗಿ ಬದಲಾಯಿಸುವುದಕ್ಕೆ ಕೊಡುವ ಕಾರಣಗಳಲ್ಲಿ ಒಂದು, ಆಸ್ಕಿಯಲ್ಲದ (ಮೂಲ ಇಂಗ್ಲಿಷ್ ಗುಂಪಿನಾಚೆಯ) ಅಕ್ಷರಗಳಿಂದ ಬ್ರೌಸರ್‌ನ ಪಾರ್ಸರ್ ಗಮನಾರ್ಹವಾಗಿ ನಿಧಾನವಾಗಬಹುದು ಎಂಬುದು. ಹಾಗೆ ಬದಲಾದಾಗ ಒಂದೊಂದು ಸಂಕೇತಕ್ಕೆ ಆರು ಬೈಟಿನಂತೆ ‘ಕರ್ನಾಟಕ’ 42 ಬೈಟ್ ಆಗುತ್ತದೆ. ಒಂದೆರಡು ಪದಗಳಿದ್ದರೆ ಇದೇ ಲೇಸು.

ಆದರೆ ಸಾವಿರಾರು ಕನ್ನಡ ವಾಕ್ಯಗಳಿರುವ ತಾಣಕ್ಕೆ ಎರಡೂ ದಾರಿ ಸಲ್ಲವು. ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಭಾಷೆಗಳ ಎಲ್ಲ ಮಾತುಗಳನ್ನು ಮುಖ್ಯ ಸ್ಕ್ರಿಪ್ಟಿನೊಳಗೆ ಒಂದು ದೊಡ್ಡ ಆಬ್ಜೆಕ್ಟ್ ಆಗಿ ತುರುಕುವುದು ನಮ್ಮಲ್ಲಿ ಬಹಳ ಕಡೆ ಕಾಣುವ ರೂಢಿ, ನಾನೂ ಒಂದು ಕಾಲದಲ್ಲಿ ಹಾಗೆಯೇ ಬರೆಯುತ್ತಿದ್ದೆ. ಮಾತುಗಳನ್ನು ಭಾಷೆಗೊಂದರಂತೆ ಜೇಸನ್ (ಮಾಹಿತಿಯನ್ನು ಮಾತ್ರ ಹೊರುವ ಸರಳ ಪಠ್ಯರೂಪ) ಫೈಲುಗಳಿಗೆ ತೆಗೆದಿಟ್ಟು, ಓದುಗರು ಆರಿಸಿದ ಭಾಷೆಯದನ್ನು ಮಾತ್ರ ತರಿಸಿದರೆ ಕೋಡು ಅಕ್ಷರಕ್ಕೊಂದು ಬೈಟಿನಲ್ಲಿಯೇ ಉಳಿಯುತ್ತದೆ, ಉಳಿದೆರಡು ಭಾಷೆಗಳ ಭಾರ ತಪ್ಪುತ್ತದೆ, ಜೇಸನ್ನಿನ ವ್ಯಾಕರಣ ಸರಳವಾದ್ದರಿಂದ ಓದೂ ಬೇಗ ಮುಗಿಯುತ್ತದೆ. ಅದೇ ಮಾಹಿತಿಯನ್ನು ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ಆಗಿ ಓದುವುದಕ್ಕಿಂತ ಜೇಸನ್ ಆಗಿ ಓದುವುದು ವಿ8ನಲ್ಲಿ 1.7 ಪಟ್ಟು ವೇಗವೆಂದು 2019ರ ಅಳತೆಗಳಲ್ಲಿ ಕಂಡಿತ್ತು. 10 ಕೆಬಿ ಮೀರಿದ ಮಾಹಿತಿಗೆ ಇದನ್ನೇ ಬಳಸಿರೆಂಬುದು ಆಗಿನ ಸಲಹೆ.

ಎಂಜಿನ್ ಗಳಿಸಿಕೊಟ್ಟ ಹೊತ್ತನ್ನು ನಾವು ಹೇಗೆ ಕಳೆಯುತ್ತಿದ್ದೇವೆಂಬುದನ್ನೂ ಹೇಳದೆ ಇರಲಾಗದು. ಎಚ್‌ಟಿಟಿಪಿ ಆರ್ಕೈವ್‌ನ 2024ರ ವೆಬ್ ಆಲ್ಮನಾಕ್ ವರದಿಯ ಪ್ರಕಾರ ಮೊಬೈಲಿಗೆ ಬರುವ ಮಧ್ಯಮ ಪುಟವೊಂದು (ಅರ್ಧದಷ್ಟು ಪುಟಗಳು ಅದಕ್ಕಿಂತ ಭಾರ, ಅರ್ಧದಷ್ಟು ಹಗುರ) 558 ಕೆಬಿ ಜಾವಾಸ್ಕ್ರಿಪ್ಟ್ ಹೊತ್ತು ತರುತ್ತಿತ್ತು. 2022ರಲ್ಲಿ ಇದು 461 ಕೆಬಿ ಇತ್ತು. ಇವು ಕುಗ್ಗಿಸಿ ಕಳುಹಿಸಿದ ಲೆಕ್ಕ, ಪಾರ್ಸರ್ ಮುಂದೆ ಬಿಚ್ಚಿಟ್ಟಾಗ ಪಠ್ಯ ಇದರ ಹಲವು ಪಟ್ಟು ಇರುತ್ತದೆ. ಪುಟ ತೆರೆಯುವಾಗ ಅದರ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬಳಕೆಯಾಗದೆಯೇ ಉಳಿಯುತ್ತದೆ. ಯಾವ ಪಾಲು ಬಳಕೆಯಾಗಲಿಲ್ಲವೆಂದು ಕ್ರೋಮ್‌ನಲ್ಲಿ ಪುಟ ಕಟ್ಟುವವರಿಗೆಂದು ಇರುವ ಡೆವ್‌ಟೂಲ್ಸ್‌ನೊಳಗಿನ ಕವರೇಜ್ ಫಲಕ ಸಾಲು ಸಾಲಾಗಿ ಕೆಂಪಿನಲ್ಲಿ ತೋರಿಸುತ್ತದೆ. ಅರ್ಜಿಯ ಪುಟದಲ್ಲಿ ನಕ್ಷೆ ಬಿಡಿಸುವ ಲೈಬ್ರರಿಯೂ, ಯಾರೂ ತೆರೆಯದ ಚಾಟ್ ಪೆಟ್ಟಿಗೆಯೂ ಆ ಕೆಂಪಿನಲ್ಲಿ ಸಿಗುತ್ತವೆ. ಅವುಗಳನ್ನು ಬೇಕಾದಾಗ ತರಿಸುವ ಡೈನಾಮಿಕ್ ಇಂಪೋರ್ಟ್ ಸೌಲಭ್ಯ ಕ್ರೋಮ್‌ನಲ್ಲಿ 2017ರಿಂದಲೇ ಇದೆ, ಉಳಿದ ಬ್ರೌಸರ್‌ಗಳಲ್ಲೂ ಬಂದು ವರ್ಷಗಳಾದವು. ಓದದೆ ಬಿಟ್ಟ ಕೋಡಿಗಿಂತ ಬೇಗ ಓದುವ ಪಾರ್ಸರನ್ನು ಯಾರೂ ಕಟ್ಟಲಾರರು.

ಕಂಪೈಲ್ ಸೂಚನೆ 2025ರಲ್ಲಿ ಬಂದ ರೂಪದಲ್ಲಿ ಇಡೀ ಫೈಲಿಗೆ ಅನ್ವಯಿಸುತ್ತದೆ. ಒಂದೊಂದು ಫಂಕ್ಷನ್ನಿಗೂ ಬೇರೆ ಬೇರೆಯಾಗಿ ಹೇಳುವಂತೆ ಮಾಡುವುದು ಮುಂದಿನ ಉದ್ದೇಶವೆಂದು ವಿ8 ತಂಡ ಹೇಳಿದೆ. ತಮ್ಮ ತಾಣದಲ್ಲಿ ಪ್ರಯತ್ನಿಸಿ ನೋಡುವವರು ಪ್ರತಿ ಸಲವೂ ಹೊಸ ಪ್ರೊಫೈಲ್ ತೆರೆದು ಅಳೆಯಬೇಕು, ಇಲ್ಲವಾದರೆ ಮೂರನೆಯ ಸಲಕ್ಕೆ ಕೋಡ್ ಕ್ಯಾಶ್ ನಡುವೆ ಬಂದು ಸೂಚನೆ ಇದ್ದರೂ ಇಲ್ಲದಿದ್ದರೂ ಒಂದೇ ಅಂಕಿ ಕಾಣುತ್ತದೆ. ಅಳೆಯುವ ಯಂತ್ರ ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ವ್ಯತ್ಯಾಸ ಕೆಲವೇ ಮಿಲಿಸೆಕೆಂಡಿನದಾಗಿ ತೋರಬಹುದು. ನಾನು ಮೇಜಿನ ಖಾನೆಯಲ್ಲಿ ಒಂದು ಹಳೆಯ ಅಗ್ಗದ ಫೋನನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಲ್ಯಾಪ್‌ಟಾಪಿನ ಡೆವ್‌ಟೂಲ್ಸ್‌ನಿಂದ ಅದರ ಪರ್ಫಾರ್ಮೆನ್ಸ್ ನಕ್ಷೆ ತೆಗೆದಾಗ, ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಕೂದಲೆಳೆಯಷ್ಟಿದ್ದ ಕಂಪೈಲ್ ಪಟ್ಟಿ ಅಲ್ಲಿ ಬೆರಳಗಲವಾಗಿ ಕಾಣುತ್ತದೆ.